ಅತ್ತೆಯ ಗಿಡಕ್ಕೆ ಹಾಕಿದ ಕತ್ತರಿ

ಹೊಲಿಗೆಯಕ್ಕನ ಕೈಗುಣ ಸರಿಯಿಲ್ಲವೆಂಬುದು ಗಂಡನ ಮನೆಯಲ್ಲಿ ಎಂದೋ ತೀರ್ಮಾನವಾಗಿಹೋಗಿದ್ದ ಮಾತು. ಬಟ್ಟೆ ಮುಟ್ಟಿದರೆ ಬಂಗಾರ, ಗಿಡ ಮುಟ್ಟಿದರೆ ಒಣಕಡ್ಡಿ ಎಂದು ನಾದಿನಿ ನಗುತ್ತಿದ್ದಳು. ಸುಳ್ಳೇನಲ್ಲ. ಮೂರನೆಯ ಮಹಡಿಯ ಮನೆಗೆ ಬಂದ ಹೊಸತರಲ್ಲಿ ಅವಳು ಆಸೆಪಟ್ಟು ತಂದಿದ್ದ ಗುಲಾಬಿ, ದಾಸವಾಳಗಳೆಲ್ಲ ಮೊಗ್ಗು ಉದುರಿಸಿ, ಸೊರಗಿ ಸತ್ತಿದ್ದವು.

ಆದರೆ ಅವಳು ಕೈಚೆಲ್ಲಿ ಕೂರುವ ಪೈಕಿಯಲ್ಲ. ಅಳತೆ ತೆಗೆಯದೆ ಬಟ್ಟೆ ಕತ್ತರಿಸುವವರುಂಟೇ ಎಂದು ತನ್ನನ್ನೇ ಬೈದುಕೊಂಡು, ಒಂದು ಭಾನುವಾರ ಸೂಜಿ ದಾರ ಹಿಡಿದು ಮನೆಯೆಲ್ಲ ಸುತ್ತಿದಳು. ದೀಪ ಹಾಕದೆ ದಾರ ಪೋಣಿಸಲಾದರೆ ಅಲ್ಲಿ ಬೆಳಕುಂಟು, ತಡಕಾಡಬೇಕಾದರೆ ನೆರಳು. ಅಡುಗೆಮನೆಯ ಕಿಟಕಿ ಬಿಟ್ಟರೆ ಬಿಸಿಲು ಎಲ್ಲೂ ಬೀಳುತ್ತಿರಲಿಲ್ಲ. ಗುಲಾಬಿಯ ಸಹವಾಸ ಸಾಕೆಂದು ಆ ಕಿಟಕಿಗೆ ಲೋಳೆಸರ, ಹೊಲಿಗೆ ಮಿಷನ್ನಿನ ಪಕ್ಕಕ್ಕೆ ಮನಿಪ್ಲಾಂಟ್ ತಂದಳು. ಮಣ್ಣಿಗೆ ಬೆರಳಿಳಿಸಿ ನೋಡದೆ ನೀರು ಹಾಕುವುದನ್ನು ಬಿಟ್ಟಳು. ವರ್ಷ ತುಂಬುವಷ್ಟರಲ್ಲಿ ಬಳ್ಳಿ ಗೋಡೆ ಏರಿ ಬಾಗಿಲ ಮೇಲೆ ಬಂದಿತ್ತು.

ನಾದಿನಿ ಕಾಲು ಮುರಿದುಕೊಂಡು ಮಲಗಿದ್ದು ಆಗಲೇ. ತೀರಿಕೊಂಡ ಅತ್ತೆ ಬೆಳೆಸಿದ್ದ, ಸ್ನೇಕ್ ಪ್ಲಾಂಟ್ ಎನ್ನುವ ಹಾವಿನ ಗಿಡವೊಂದು ಅವಳ ಮನೆಯಲ್ಲಿತ್ತು. ಕತ್ತಿಯಂತೆ ನೆಟ್ಟಗೆ ನಿಲ್ಲುವ ಎಲೆಗಳು, ಅವಕ್ಕೆ ಹಳದಿ ಅಂಚು. ಹೆಂಡತಿ ಹಾಸಿಗೆ ಹಿಡಿದಳಲ್ಲ, ಇದಕ್ಕಾದರೂ ಕೊರತೆಯಾಗದಿರಲೆಂದು ನಾದಿನಿಯ ಗಂಡ ಬೆಳಗ್ಗೆ ಸಂಜೆ ತಪ್ಪದೆ ನೀರು ಸುರಿದ. ಹೊಲಿಗೆಯಕ್ಕ ನೋಡಲು ಹೋದ ದಿನ ಎಲೆಗಳು ಮಗ್ಗುಲಿಗೆ ಬಿದ್ದಿದ್ದವು, ಮಣ್ಣು ನಾರುತ್ತಿತ್ತು. ಪಾಪ, ಅವನು ಇನ್ನೊಂದು ಚೊಂಬು ಹಿಡಿದು ನಿಂತಿದ್ದ.

ಚೊಂಬನ್ನು ಅವನ ಕೈಯಿಂದ ಇಸಿದುಕೊಂಡು ಪಕ್ಕಕ್ಕಿಟ್ಟು, ಅವಳು ಗಿಡವನ್ನು ಬುಡಸಮೇತ ಎತ್ತಿದಳು. ಬೇರೆಲ್ಲ ಕೊಳೆತು ಮುದ್ದೆಯಾಗಿತ್ತು. ಕತ್ತರಿ ಕೇಳಿದಳು.

"ಅದು ಅಮ್ಮನ ಗಿಡ ಅತ್ತಿಗೆ," ಎಂದಳು ನಾದಿನಿ ಮಂಚದಿಂದಲೇ.

"ಅಮ್ಮಂದು ಅಂತಾನೇ ಕತ್ತರಿಸ್ತಿದೀನಿ ಕಣೇ. ಸುಮ್ನೆ ಬಿಟ್ರೆ ನಾಳಿದ್ದು ಎಸೀಬೇಕಾಗುತ್ತೆ."

ಗಟ್ಟಿಯಾಗಿ ಉಳಿದಿದ್ದ ಎಲೆಗಳನ್ನು ಬೆರಳುದ್ದಕ್ಕೆ ತುಂಡುಮಾಡಿ ಮನೆಗೆ ಒಯ್ದಳು. ಕತ್ತರಿಸಿದ ಜಾಗ ಒಣಗಿದ ಮೇಲೆ ಬುಡ ಯಾವುದು, ತುದಿ ಯಾವುದು ಎಂದು ತಪ್ಪದೆ ನೋಡಿ, ಮರಳು ಬೆರೆಸಿದ ಮಣ್ಣಿಗೆ ಊರಿದಳು. ತಿಂಗಳುಗಟ್ಟಲೆ ಏನೂ ಕಾಣಲಿಲ್ಲ. ಇದಕ್ಕಿಂತ ಹಳೇ ಅಂಗಿಗುಂಡಿ ಬಿತ್ತಿದ್ದರೆ ಚಿಗುರುತ್ತಿತ್ತು ಎಂದು ಅವಳ ಗಂಡ ಗೇಲಿ ಮಾಡಿದ. ಅವಳು ತಲೆಕೆಡಿಸಿಕೊಳ್ಳಲಿಲ್ಲ. ತುಂಡುಗಳು ಬಾಡಿರಲಿಲ್ಲ, ಅಷ್ಟು ಸಾಕಿತ್ತು.

ಕೊನೆಗೆ ಮೊಳಕೆಗಳು ಮಣ್ಣು ಸೀಳಿ ಬಂದವು. ಬಂದದ್ದೆಲ್ಲ ಬರೀ ಹಸಿರು. ಎಲೆಯ ತುಂಡಿನಿಂದ ಬೆಳೆದದ್ದಕ್ಕೆ ಹಳದಿ ಅಂಚು ಬರುವುದಿಲ್ಲವೆಂದು ನರ್ಸರಿಯವನು ಹೇಳಿದ. ಅಂಚಿರುವ ಗಿಡವನ್ನೇ ಅಂಗಡಿಯಿಂದ ತಂದು ಕೊಟ್ಟುಬಿಡು, ಯಾರಿಗೆ ಗೊತ್ತಾಗುತ್ತದೆ ಎಂದ ಗಂಡ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಹಸಿರು ಗಿಡದ ಕುಂಡವನ್ನೇ ಹೊತ್ತುಕೊಂಡು ಹೋದಳು.

"ಅಂಚು ಬರ್ಲಿಲ್ಲ, ಇನ್ನು ಬರೋದೂ ಇಲ್ಲ. ಆದ್ರೆ ಗಿಡ ಅಮ್ಮಂದೇ," ಎಂದಳು.

ಕೋಲೂರಿಕೊಂಡು ಎದ್ದುಬಂದ ನಾದಿನಿ ಎಲೆಯನ್ನು ಮೆಲ್ಲಗೆ ಸವರಿದಳು.

"ಇನ್ನೊಂದಿದ್ರೆ ಕೊಡಿ ಅತ್ತಿಗೆ. ನಮ್ಮಕ್ಕನ ಮನೇಲೂ ಅಮ್ಮಂದು ಒಂದಿರ್ಲಿ."

ಹೊಲಿಗೆಯಕ್ಕ ಮೊದಲು ವಿಚಾರಿಸಿದ್ದು ಅಕ್ಕನ ಮನೆಯ ಕಿಟಕಿ ಯಾವ ಕಡೆಗಿದೆ ಎಂದು.