ಲೈನಿನಲ್ಲಿ ತೊಂದರೆ ಇರಲಿಲ್ಲ

ಎರಡು ಸಾವಿರದ ಎಂಟನೇ ಇಸವಿಯ ಸುಮಾರಿಗೆ ನಾವು ಹೊಸೂರಿನ ಮೂಕಂಡಪಲ್ಲಿಯಲ್ಲಿ ಬಾಡಿಗೆಗಿದ್ದೆವು. ಗಂಡ ನನ್ನ ಸೋದರತ್ತೆಯ ಮಗನೇ. ಮಾಲೂರು ಕಡೆಯಿಂದ ಬಂದು ಅಲ್ಲಿನ ಒಂದು ಕಾರ್ಖಾನೆಗೆ ಸೇರಿದ್ದ. ಒಂದು ವಾರ ಬೆಳಗಿನ ಶಿಫ್ಟು, ಮರುವಾರ ಮಧ್ಯಾಹ್ನದ್ದು. ನನಗೆ ಮದುವೆಗೆ ಮುಂಚೆಯೇ ಕನ್ನಡ ಟೈಪಿಂಗ್ ಬರುತ್ತಿತ್ತು. ಬೆಂಗಳೂರಿನಲ್ಲಿ ಶಾಲಾ ಮಕ್ಕಳ ಗೈಡು ಅಚ್ಚು ಹಾಕುವ ಪ್ರೆಸ್ಸಿನವರು ಕೈಬರಹದ ಪುಟಗಳನ್ನು ಮೇಲ್‌ನಲ್ಲಿ ಕಳಿಸುತ್ತಿದ್ದರು. ನಾನು ಟೈಪ್ ಮಾಡಿ ಸಂಜೆ ಐದರೊಳಗೆ ವಾಪಸ್ ಕಳಿಸಬೇಕು. ನನ್ನದು ಅಂತ ಹೇಳಿಕೊಳ್ಳಲು ಆ ಊರಿನಲ್ಲಿ ನನಗಿದ್ದದ್ದು ಅದೊಂದೇ ಕೆಲಸ.

ನೆಟ್ ಬರುತ್ತಿದ್ದದ್ದು ಫೋನಿನ ಲೈನಿನಲ್ಲೇ, ಫೋನು ಮುಂದಿನ ಹಾಲಿನಲ್ಲಿತ್ತು. ಗೋಡೆಗೆ ಮೊಳೆ ಹೊಡೆದು ಒಳಗೆ ವೈರು ಎಳೆಯಲು ಓನರಮ್ಮ ಬಿಡಲಿಲ್ಲ. ಹಾಗಾಗಿ ಫೋನಿನ ಪಕ್ಕದ ಶೆಲ್ಫಿನಲ್ಲಿ ವೈಫೈ ಮೋಡೆಮ್ ಇಟ್ಟು, ನಾನು ಹಿಂದಿನ ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂರುತ್ತಿದ್ದೆ. ಮೊದಲ ಆರು ತಿಂಗಳು ಏನೂ ತಕರಾರಿರಲಿಲ್ಲ. ಆಮೇಲೆ ನೆಟ್ ಹೋಗಲು ಶುರುವಾಯಿತು. ನಲವತ್ತು ಪುಟದ ಫೈಲು ಅರ್ಧ ಹೋಗಿರುತ್ತಿತ್ತು, ಅಷ್ಟರಲ್ಲಿ ಕಡಿದುಹೋಗುತ್ತಿತ್ತು. ಹಾಲಿಗೆ ಓಡಿದರೆ ಮೋಡೆಮಿನ ಲೈನ್ ದೀಪ ಕಣ್ಣು ಪಿಳುಕಿಸುತ್ತಾ ಇರುತ್ತಿತ್ತು. ಎರಡು ಮೂರು ನಿಮಿಷಕ್ಕೆ ಪಿಳುಕುವುದು ನಿಂತು ನೆಟ್ ಮತ್ತೆ ಬರುತ್ತಿತ್ತು. ನಾನು ಮೊದಲಿಂದ ಕಳಿಸಬೇಕು.

ಮಾಡದ ಪ್ರಯತ್ನವಿಲ್ಲ. ಫೋನಿನ ವೈರಿಗೆ ಸಿಕ್ಕಿಸುವ ಪುಟ್ಟ ಫಿಲ್ಟರ್ ಬದಲಾಯಿಸಿದೆ. ಟೀವಿ ಹತ್ತಿರ ಇದ್ದರೆ ಹಾಗಾಗುತ್ತದೆ ಅಂತ ಯಾರೋ ಅಂದರು, ಟೀವಿಯನ್ನೇ ಆ ಮೂಲೆಯಿಂದ ಎತ್ತಿಸಿದೆ. ಹೆಲ್ಪ್‌ಲೈನಿಗೆ ಫೋನು ಮಾಡಿದಾಗಲೆಲ್ಲ ಒಬ್ಬ ಹುಡುಗಿ ತಮಿಳಿನಲ್ಲಿ ಆಫ್ ಮಾಡಿ ಆನ್ ಮಾಡಿ ಅನ್ನುತ್ತಿದ್ದಳು. ನನ್ನ ಅರೆಬರೆ ತಮಿಳಿಗೆ ಅವಳೂ ಸೋತಳು. ಕೊನೆಗೆ, ಯಾವ ಯಾವ ಹೊತ್ತಿಗೆ ಹೋಗುತ್ತದೆ ಅಂತ ಬರೆದಿಡಿ ಅಂದಳು.

ಲೈನ್‌ಮ್ಯಾನ್ ಮೂರು ಸಲ ಬಂದ. ಬೇರಿಕೆ ಕಡೆಯ ವಯಸ್ಸಾದ ಮನುಷ್ಯ, ತಮಿಳು, ತೆಲುಗು, ಕನ್ನಡ ಮೂರನ್ನೂ ಒಂದೇ ಉಸಿರಿನಲ್ಲಿ ಆಡುವವನು. ಮೂರನೇ ಸಲ ಅವನು ಕಂಬದ ಮೇಲಿದ್ದಾಗ ಕೆಳಗೆ ಏಣಿ ಹಿಡಿದುಕೊಂಡಿದ್ದವನು ನನ್ನ ಗಂಡ.

"ಅಮ್ಮಾ, ನಮ್ ಲೈನ್‌ನಾಗೆ ಏನೂ ಇಲ್ಲ. ಮನೆ ಒಳ್ಗೇ ಏನೋ ಅದೆ, ನೋಡ್ಕೊಳ್ರಿ" ಅಂದ ಲೈನ್‌ಮ್ಯಾನ್.

"ಒಳ್ಗೆ ಏನಿರ್ತದೆ ಅಣ್ಣಾ? ನಿಮ್ ಕಂಬಾನೇ ಸರಿಗಿಲ್ಲ" ಅಂತ ಗಂಡ ಅವನ ಮೇಲೆ ರೇಗಿದ. ನನ್ನ ಪರವಾಗಿ ಜಗಳಕ್ಕೆ ನಿಂತನಲ್ಲ ಅಂತ ನನಗೆ ಆಗ ಒಳಗೊಳಗೇ ಖುಷಿಯಾಗಿತ್ತು. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಹುಡುಗಿ ಹೇಳಿದಂತೆ ಒಂದು ನೋಟ್‌ಬುಕ್ಕಿನಲ್ಲಿ ಹೊತ್ತು ಬರೆಯುತ್ತಾ ಬಂದೆ. ನಾಲ್ಕು ವಾರವಾದ ಮೇಲೆ ಅವಳಿಗೆ ಓದಿ ಹೇಳೋಣವೆಂದು ಪುಟ ತಿರುಗಿಸಿದೆ. ಮೊದಲ ವಾರ ಪೂರ್ತಿ ಬೆಳಗ್ಗೆ ಹತ್ತು, ಹನ್ನೊಂದೂವರೆ, ಹನ್ನೆರಡು. ಎರಡನೇ ವಾರ ಬೆಳಗ್ಗೆ ಒಂದೂ ಇಲ್ಲ, ಎಲ್ಲ ಮಧ್ಯಾಹ್ನ ಮೂರರ ನಂತರ. ಮೂರನೆಯದು ಮತ್ತೆ ಬೆಳಗ್ಗೆ. ಗಂಡ ಕಾರ್ಖಾನೆಯಲ್ಲಿದ್ದ ಹೊತ್ತಿನಲ್ಲಿ ನೆಟ್ ಒಂದು ಸಲವೂ ಹೋಗಿರಲಿಲ್ಲ. ಹೆಲ್ಪ್‌ಲೈನಿಗೆ ಫೋನು ಮಾಡಲಿಲ್ಲ.

ಅವನಿಗೆ ಮಧ್ಯಾಹ್ನದ ಶಿಫ್ಟು ಇದ್ದ ವಾರ, ಒಂದು ಬೆಳಗ್ಗೆ ಫೈಲು ಕಳಿಸಲು ಹಚ್ಚಿ, ಸದ್ದಿಲ್ಲದೆ ಅಡುಗೆಮನೆಯ ಬಾಗಿಲ ಸಂದಿಯಲ್ಲಿ ನಿಂತೆ. ಅವನು ಹಾಲಿನಲ್ಲಿ ಪೇಪರ್ ಓದುತ್ತಿದ್ದ. ಓದುತ್ತಲೇ ಎಡಗೈ ಚಾಚಿ, ಶೆಲ್ಫಿನ ಹಿಂದೆ ಫೋನಿನ ಪಿನ್ನು ಕಿತ್ತು, ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು, ಮತ್ತೆ ಸಿಕ್ಕಿಸಿದ. ಸೊಳ್ಳೆ ಓಡಿಸುವಷ್ಟು ಸಲೀಸಾಗಿ.

ನಾನು ಈಚೆ ಬಂದು, "ನೆಟ್ ಹೋಯ್ತು, ಸ್ವಲ್ಪ ನೋಡು" ಅಂದೆ. ಅವನು ಎದ್ದು ಬಗ್ಗಿ ದೀಪ ನೋಡಿದ. ಮೋಡೆಮಿನ ತಲೆಗೆ ಎರಡು ತಟ್ಟಿದ. "ಈ ಡಬ್ಬಾನೇ ಸರಿಗಿಲ್ಲ ಕಣೆ" ಅಂದ.

"ನೀನ್ ಪಿನ್ ಕಿತ್ತಿದ್ದು ನೋಡ್ದೆ."

ಅವನ ಮುಖ ಕಪ್ಪಿಟ್ಟಿತು. ಸುಳ್ಳು ಹೇಳಬಹುದೆಂದುಕೊಂಡಿದ್ದೆ, ಹೇಳಲಿಲ್ಲ. "ನಾನ್ ಮನೇಲಿದ್ದಾಗೆಲ್ಲ ನಿನ್ ಬೆನ್ನೇ ನೋಡ್ಬೇಕು. ಕೂಗಿದ್ರೂ ತಿರುಗ್ತಿರ್ಲಿಲ್ಲ. ನೆಟ್ ಹೋದ್ರೆ ಈಚೆ ಬತ್ತಿದ್ದೆ, ನನ್ ಕೂಡ ಮಾತಾಡ್ತಿದ್ದೆ."

"ಏನ್ ಮಾತಾಡ್ತಿದ್ದೆ? ನೆಟ್ ಹೋಯ್ತು ಅಂತ ತಾನೆ?"

ಅವನು ಪೇಪರ್ ಎತ್ತಿ ಮಡಿಸತೊಡಗಿದ.

"ಬಾಯ್ಬಿಟ್ಟು ಹೇಳ್ಬೌದಿತ್ತಲ್ಲ."

"ಹೇಳಿದ್ರೆ ಕೇಳ್ತಿದ್ಯಾ?"

ಕೇಳುತ್ತಿದ್ದೆನೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ. ಅವನು ಹೇಳಲಿಲ್ಲ ಅನ್ನುವುದಷ್ಟೇ ಗೊತ್ತು.

ಎರಡು ದಿನ ಬಿಟ್ಟು ಪ್ರೆಸ್ಸಿನ ಮ್ಯಾನೇಜರಿಗೆ ಫೋನು ಮಾಡಿ, ಇನ್ನು ಮೇಲೆ ತಡವಾಗುವುದಿಲ್ಲ, ರಿಪೇರಿ ಆಯಿತು ಅಂದೆ. ಅವರು ಒಳ್ಳೆಯ ಮಾತಿನಲ್ಲೇ, "ತಪ್ಪು ತಿಳ್ಕೋಬೇಡಿ ಮೇಡಂ, ಪರೀಕ್ಷೆ ಹತ್ರ ಬಂತಲ್ಲ, ಬೇರೆಯವರಿಗೆ ಕೊಟ್ಬಿಟ್ವಿ" ಅಂದರು. ಆಮೇಲೆ, "ಅಂದ ಹಾಗೆ ಏನಾಗಿತ್ತು?" ಅಂತಲೂ ಕೇಳಿದರು. ಗಂಡ ಹಾಲಿನಲ್ಲಿ ಷೂ ಹಾಕಿಕೊಳ್ಳುತ್ತಿದ್ದ. ಅವನ ಕೈ ಲೇಸಿನ ಮೇಲೆಯೇ ನಿಂತಿತು.

"ಪಿನ್ ಲೂಸಾಗಿತ್ತು ಸಾರ್" ಅಂದೆ.

ಯಾಕೆ ಹಾಗಂದೆನೋ. ಮಾನ ಉಳಿಸಿದ್ದು ಅವನದೋ ನನ್ನದೋ. ಅವನಂತೂ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡ. ಊರಿನಿಂದ ಅತ್ತೆ ಬಂದು ಟೈಪಿಂಗ್ ಯಾಕೆ ಬಿಟ್ಟೆ ಅಂತ ನನ್ನನ್ನು ಕೇಳಿದಾಗ, ನಾನು ಬಾಯಿ ತೆರೆಯುವ ಮೊದಲೇ, "ಪಿನ್ ಲೂಸಾಗಿ ನೆಟ್ಟೇ ನಿಲ್ತಿರ್ಲಿಲ್ಲ ಕಣಮ್ಮಾ, ಪಾಪ, ಎಷ್ಟ್ ದಿನಾಂತ ಒದ್ದಾಡ್ತಾಳೆ" ಅಂದ. ಅತ್ತೆ ನನ್ನ ತಲೆ ಸವರಿದರು. ನಾನು ಹೌದು ಅಂದೆ.

ಮುಂದಿನ ವರ್ಷ ಬಾಗಲೂರು ಹತ್ತಿರದ ಗುಲಾಬಿ ತೋಟದ ಆಫೀಸಿಗೆ ಸೇರಿದೆ. ಹೊರದೇಶಕ್ಕೆ ಹೋಗುವ ಹೂವಿನ ಪೆಟ್ಟಿಗೆಗಳಿಗೆ ಚೀಟಿ ಬರೆದು ಅಂಟಿಸುವ ಕೆಲಸ, ಎಲ್ಲ ಇಂಗ್ಲಿಷಿನಲ್ಲಿ. ಬೆಳಗ್ಗೆ ಏಳಕ್ಕೆ ಹೊರಟರೆ ಸಂಜೆ ಏಳಕ್ಕೆ ಮನೆ. ಮನೆಯಲ್ಲಿ ಈಗ ಅವನಿಗೆ ನನ್ನ ಬೆನ್ನೂ ಕಾಣುತ್ತಿರಲಿಲ್ಲ.