ಅತ್ತೆಯ ಟೆಂಪರರಿ ಮಂಚ

ಸಂಜೆ ಹೊತ್ತು ಇಂಗ್ಲಿಷ್ ಕ್ಲಾಸಿನಲ್ಲಿ ಪಾಠ ಹೇಳುವುದು ನನ್ನ ಕೆಲಸ. ಕಲಿಯಲು ಬರುವವರೆಲ್ಲ ದುಡಿದು ದಣಿದ ದೊಡ್ಡವರು. ದಿನಕ್ಕೊಂದು ಪದ ಹಿಡಿದು ಅದರ ಅರ್ಥ, ಬಳಕೆ, ಸಮಾನಾರ್ಥಕ ಎಲ್ಲ ಹೇಳಬೇಕು. ಮೊನ್ನೆ ‘ಟೆಂಪರರಿ’ ಬಂತು. ಸ್ವಲ್ಪ ಕಾಲ ಮಾತ್ರ ಇರುವಂಥದ್ದು ಎಂದು ಪುಸ್ತಕದಲ್ಲಿ ಅರ್ಥ ಕೊಟ್ಟಿದ್ದರು. ಶುದ್ಧ ಸುಳ್ಳು! ಅದನ್ನು ಬರೆದ ಪುಣ್ಯಾತ್ಮ ನಮ್ಮ ಮನೆಗೆ ಬಂದವನಲ್ಲ. ಬಂದಿದ್ದರೆ, ಬಚ್ಚಲಿಗೆ ಹೋಗುವಾಗ ನಮ್ಮ ಅತ್ತೆಯ ಮಂಚಕ್ಕೆ ಮೊಣಕಾಲು ತಗುಲಿಸಿಕೊಂಡು, ವಾಪಸ್ ಹೋಗಿ ಆ ಸಾಲನ್ನು ಹೊಡೆದುಹಾಕಿರುತ್ತಿದ್ದ.

ಅತ್ತೆ ಅಂದರೆ ಅಪ್ಪನ ತಂಗಿ. ಬಟ್ಟೆ ಆಲ್ಟರೇಷನ್ ಅಂಗಡಿಯಲ್ಲಿ ಕೆಲಸ. ಪ್ಯಾಂಟಿನ ಉದ್ದ ಕಮ್ಮಿ ಮಾಡುವುದು, ಬಿಗಿಯಾದ ಸೊಂಟ ಬಿಚ್ಚಿ ಸಡಿಲ ಮಾಡುವುದು, ಕಿತ್ತುಹೋದ ಜಿಪ್ಪು ಬದಲಿಸುವುದು. ಬೀದಿಯಲ್ಲಿ ಯಾರಾದರೂ ಎದುರಿಗೆ ಬಂದರೆ ಮುಖ ನೋಡುವ ಮೊದಲು ಸೊಂಟ ನೋಡಿ, ‘ಪಾಪ, ಮತ್ತೆ ದಪ್ಪ ಆಗಿದಾರೆ’ ಎನ್ನುತ್ತಿದ್ದಳು. ಗಂಡ ತೀರಿಹೋದ ಮೇಲೂ ಬಾಡಿಗೆ ಮನೆಯಲ್ಲಿ ಒಬ್ಬಳೇ ಗಟ್ಟಿಯಾಗಿ ಬದುಕಿಕೊಂಡಿದ್ದವಳು. ಒಂದು ದಿನ ಮನೆ ಮಾಲೀಕ, ‘ಮಾಡು ಸೋರ್ತಿದೆ, ರಿಪೇರಿ ಮಾಡಿಸ್ಬೇಕು, ಸ್ವಲ್ಪ ದಿನ ಬೇರೆ ಕಡೆ ಇರಿ’ ಎಂದ. ಅತ್ತೆ ಒಂದು ಟ್ರಂಕು ಹಿಡಿದು ಅಣ್ಣನ ಮನೆಗೆ ಬಂದಳು. ಆಗ ನಾನು ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದೆ. ಮಾಡು ರಿಪೇರಿಯಾಯಿತು, ಮಾಲೀಕ ತನ್ನ ಅಳಿಯನನ್ನು ತಂದು ಅಲ್ಲಿ ಕೂರಿಸಿದ. ಅತ್ತೆ ನಮ್ಮಲ್ಲೇ ಉಳಿದಳು.

ನಮ್ಮದು ಒಂದು ಹಾಲು, ಒಂದು ಕೋಣೆಯ ಮನೆ. ಕೋಣೆಯಲ್ಲಿ ಅಪ್ಪ ಅಮ್ಮ, ಹಾಲಿನಲ್ಲಿ ಅಜ್ಜ ಮತ್ತು ನಾನು. ಅಡುಗೆಮನೆಯಿಂದ ಬಚ್ಚಲಿಗೆ ಹೋಗುವ ಇಕ್ಕಟ್ಟಾದ ದಾರಿಯಲ್ಲಿ ಅಪ್ಪ ಒಂದು ಮಡಚುವ ಮಂಚ ಬಿಚ್ಚಿ, ‘ಟೆಂಪರರಿಯಾಗಿ ಇಲ್ಲಿ ಮಲಕ್ಕೋ ತಾಯಿ’ ಎಂದ. ಬಸ್ ಡಿಪೋದಲ್ಲಿ ಟೈಮ್‌ಕೀಪರ್ ಆಗಿದ್ದ ಅವನಿಗೆ ಆ ಪದ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಅಮ್ಮ ಅದನ್ನೇ ‘ಸದ್ಯಕ್ಕೆ’ ಎನ್ನುತ್ತಿದ್ದಳು. ಗುಮಾಸ್ತನಾಗಿ ನಿವೃತ್ತನಾಗಿದ್ದ ಅಜ್ಜ ‘ಹಂಗಾಮಿ ವ್ಯವಸ್ಥೆ’ ಎನ್ನುತ್ತಿದ್ದ. ಅತ್ತೆ ಮಾತ್ರ ‘ಅಲ್ಲೀವರೆಗೆ’ ಎನ್ನುತ್ತಿದ್ದಳು. ‘ಅಲ್ಲಿ ಅಂದ್ರೆ ಎಲ್ಲೀವರೆಗೆ ಅತ್ತೆ?’ ಎಂದು ಕೇಳಿದರೆ, ‘ಸುಮ್ನಿರೇ ಮೆಣಸಿನಕಾಯಿ’ ಎಂದು ನನ್ನ ಕೆನ್ನೆ ಹಿಂಡುತ್ತಿದ್ದಳು. ಸಮಾನಾರ್ಥಕಗಳಿಗೆ ನಮ್ಮ ಮನೆಯಲ್ಲಿ ಯಾವತ್ತೂ ಬರವಿರಲಿಲ್ಲ.

ಆ ಜಾಗಕ್ಕೆ ಕಿಟಕಿ ಇಲ್ಲ. ಮಂಚ ಬಿಚ್ಚಿದರೆ ಗೋಡೆಗೆ ಗೋಡೆ ಅಂಟಿತು ಅಂತಲೇ ಲೆಕ್ಕ. ಬಚ್ಚಲಿಗೆ ಎದ್ದವರು, ನೀರಿಗೆ ಎದ್ದವರು ಎಲ್ಲರೂ ‘ಸ್ವಲ್ಪ ಕಾಲು ಮಡಚ್ಕೋ’ ಎಂದು ಹೇಳಿಯೇ ಹಾಯಬೇಕು. ಬರಬರುತ್ತಾ ಹೇಳುವುದೇ ಬೇಕಾಗಲಿಲ್ಲ, ಹೆಜ್ಜೆ ಸದ್ದಾದರೆ ಸಾಕಿತ್ತು. ಬೆಳಿಗ್ಗೆ ಅತ್ತೆ ಎಲ್ಲರಿಗಿಂತ ಮೊದಲು ಎದ್ದು, ಮಂಚ ಮಡಚಿ ಗೋಡೆಗೆ ಒರಗಿಸಿ, ಮೇಲೊಂದು ಹಳೇ ಬೆಡ್‌ಶೀಟು ಹೊದಿಸಿಬಿಡುತ್ತಿದ್ದಳು. ಹಗಲು ಹೊತ್ತು ಮನೆಗೆ ಬಂದವರಿಗೆ ಅಲ್ಲೊಬ್ಬಳು ವಾಸ ಇದ್ದಾಳೆ ಅನ್ನುವ ಸುಳಿವೂ ಸಿಗುತ್ತಿರಲಿಲ್ಲ.

ಒಂದೆರಡು ಸಲ ಅವಳೇ ಬೇರೆ ರೂಮು ನೋಡಿಕೊಂಡು ಬಂದಿದ್ದಳು. ಒಮ್ಮೆ ನನ್ನ ಪರೀಕ್ಷೆ ಅಡ್ಡ ಬಂತು, ಇನ್ನೊಮ್ಮೆ ಅಜ್ಜ ಹಾಸಿಗೆ ಹಿಡಿದ. ಅವನ ಸೇವೆಯನ್ನೆಲ್ಲ ಅವಳೇ ಮಾಡಿದಳು. ಅಜ್ಜ ಹೋದ ಮೇಲೆ ಹಾಲಿನಲ್ಲಿ ಜಾಗ ಖಾಲಿಯಾಯಿತಲ್ಲ, ಅಲ್ಲಿಗೆ ಸೋಫಾ ಬಂತು. ಅತ್ತೆ ಬಚ್ಚಲ ದಾರಿಯಲ್ಲೇ ಇದ್ದಳು. ‘ಉಸಿರು ಕಟ್ಟಿದ ಹಾಗಾಗುತ್ತೆ ಕಣೇ’ ಎಂದು ಒಂದೇ ಒಂದು ಸಲ ನನ್ನ ಹತ್ತಿರ ಬಾಯಿಬಿಟ್ಟಿದ್ದಳು. ಮರುಕ್ಷಣವೇ ‘ಅಣ್ಣನ ಮುಂದೆ ಹೇಳ್ಬೇಡ’ ಎಂದು ನನ್ನಿಂದ ಆಣೆ ಮಾಡಿಸಿಕೊಂಡಳು.

ಹೋದ ವರ್ಷ ಅಂಗಡಿಯ ಒಡತಿ ಅವಳನ್ನು ಕರೆದಳು. ಎಲ್ಲರೂ ಕತ್ತರಿಯಮ್ಮ ಎಂದೇ ಕರೆಯುವ ಆ ಹೆಂಗಸಿನ ಮಾತೂ ಕತ್ತರಿಸಿದ ಹಾಗೆಯೇ. ‘ಅಂಗಡಿ ಮೇಲಿನ ರೂಮು ಖಾಲಿ ಆಗಿದೆ. ಕಿಟಕಿ ಇದೆ, ಬಾಗಿಲಿಗೆ ಒಳಗಿಂದ ಚಿಲಕ ಇದೆ. ಸೋಮವಾರ ಬಾ. ಬರ್ಲಿಲ್ಲಾಂದ್ರೆ ಗುಂಡಿ ವ್ಯಾಪಾರಿಗೆ ಗೋಡೌನಿಗೆ ಕೊಟ್ಬಿಡ್ತೀನಿ.’

ಅತ್ತೆ ಕೇಳಿದ್ದು ಇಷ್ಟೇ: ‘ಒಳಗಿಂದ ಚಿಲಕಾನಾ?’

ಭಾನುವಾರ ಊಟಕ್ಕೆ ಕೂತಾಗ ತಟ್ಟೆ ನೋಡಿಕೊಂಡೇ ವಿಷಯ ತೆಗೆದಳು. ಅಪ್ಪ ತುತ್ತು ನುಂಗಿ, ‘ಹೋಗೋದು ಇದ್ದೇ ಇದೆ. ನಿಮ್ಮ ಅತ್ತಿಗೆ ಮಂಡಿನೋವು ಒಂಚೂರು ಸುಧಾರಿಸ್ಲಿ. ಟೆಂಪರರಿಯಾಗಿ ಇನ್ನೊಂದಿಷ್ಟು ದಿನ ಇರು’ ಎಂದ.

‘ಸದ್ಯಕ್ಕೆ ಬೇಡಮ್ಮ’ ಎಂದಳು ಅಮ್ಮ. ‘ತಂಗೀನ ಆಚೆ ಹಾಕಿದ್ರು ಅಂತ ಜನ ಆಡ್ಕೊಳ್ಳಲ್ವಾ?’

ಅತ್ತೆ ತಲೆಯಾಡಿಸಿದಳು. ‘ಅದೂ ಸರೀನೇ. ಅಲ್ಲೀವರೆಗೆ…’

ನನಗೆ ಮೈಯೆಲ್ಲ ಉರಿದುಹೋಯಿತು. ‘ಏನದು ಅಲ್ಲೀವರೆಗೆ? ಅಪ್ಪಾ, ನಿಮ್ಮ ಡಿಪೋದಲ್ಲಿ ಟೆಂಪರರಿ ಡ್ರೈವರಿಗಾದ್ರೂ ಡ್ಯೂಟಿ ಮುಗೀತು ಅಂತ ಒಂದು ಹೊತ್ತು ಇರುತ್ತೆ. ಅತ್ತೆಗೆ ಯಾವಾಗ? ಅಮ್ಮನ ಮಂಡಿ ನಾನು ನೋಡ್ಕೋತೀನಿ. ನೀನು ಒಂದೇ ಒಂದು ರಾತ್ರಿ ಆ ಮಂಚದ ಮೇಲೆ ಮಲಗಿದ್ಯಾ?’

‘ಬಾಯಿ ಜಾಸ್ತಿಯಾಯ್ತು ನಿಂದು’ ಎಂದ ಅಪ್ಪ. ಆದರೆ ಮುಂದೆ ಊಟ ಸೇರಲಿಲ್ಲ ಅವನಿಗೆ.

ಸೋಮವಾರ ಬೆಳಿಗ್ಗೆ ನಾನೇ ಗಾಡಿ ಕರೆಸಿ, ಟ್ರಂಕು ಹೊತ್ತು ಹೊರಗಿಟ್ಟೆ. ಅತ್ತೆ ಹೊಸ್ತಿಲಲ್ಲಿ ನಿಂತು ಹಿಂದೆ ಮುಂದೆ ನೋಡುತ್ತಿದ್ದಳು. ಆಗ ಅಪ್ಪ ಒಳಗಿನಿಂದ ಆ ಮಂಚವನ್ನು ತಾನೇ ಹೊತ್ತು ತಂದು, ಗಾಡಿಯಲ್ಲಿ ಹಾಕಿ, ‘ಇದನ್ನೂ ತಗೊಂಡು ಹೋಗು’ ಎಂದ. ಅವನ ಕಣ್ಣು ಕೆಂಪಾಗಿತ್ತು. ಪಾಪ, ಅವನೂ ಕೆಟ್ಟವನಲ್ಲ. ಇನ್ನೊಬ್ಬರ ಕಷ್ಟದ ಮೇಲೆ ಬೆಡ್‌ಶೀಟು ಹೊದಿಸಿದ್ದರೆ ಅವನಿಗೆ ಕಾಣುತ್ತಿರಲಿಲ್ಲ, ಅಷ್ಟೇ.

ಅವಳು ಹೋದ ಮೇಲೆ ನನಗೆ ಗೆದ್ದ ಖುಷಿ. ಒಂದೆರಡು ತಿಂಗಳು ಬಿಟ್ಟು, ರಜೆಯ ದಿನ ಮಧ್ಯಾಹ್ನ ನೋಡಿಬರೋಣವೆಂದು ಹೋದೆ. ಮೆಟ್ಟಿಲು ಹತ್ತಿದರೆ ರೂಮಿನ ಬಾಗಿಲು ಹಾರುಹೊಡೆದಿತ್ತು. ಒಳ್ಳೇ ದೊಡ್ಡ ರೂಮು. ಕಿಟಕಿಯಿಂದ ಬಿಸಿಲು ಬಂದು ನೆಲದ ತುಂಬ ಬಿದ್ದಿತ್ತು. ನೆಲದ ಮೇಲೆ ಮೂಲೆಯಲ್ಲೊಂದು ನೀರಿನ ಕೊಡ, ಟ್ರಂಕು ಬಿಟ್ಟರೆ ಬೇರೇನೂ ಇರಲಿಲ್ಲ. ಟ್ರಂಕಿಗೆ ಕಟ್ಟಿದ್ದ ಹಗ್ಗ ಹಾಗೇ ಇತ್ತು, ಅತ್ತೆ ಅದರ ಮೇಲೆ ಕೂತು ಯಾರದೋ ಅಂಗಿಗೆ ಗುಂಡಿ ಹಚ್ಚುತ್ತಿದ್ದಳು. ಮಂಚ ಮಡಚಿ ಗೋಡೆಗೆ ಒರಗಿಸಿತ್ತು. ಮೇಲೆ ಅದೇ ಹಳೇ ಬೆಡ್‌ಶೀಟು.

‘ಇದ್ಯಾಕತ್ತೆ ಮಡಚಿಟ್ಟಿದೀಯಾ?’

‘ರಾತ್ರಿ ಬಿಚ್ಕೋತೀನಿ ಕಣೇ. ಹಗಲು ಹೊತ್ತು ಓಡಾಡೋರಿಗೆ ಅಡ್ಡ ಆಗಲ್ವಾ?’

‘ಯಾರು ಅತ್ತೆ ಇಲ್ಲಿ ಓಡಾಡೋರು?’

ಅವಳು ಸೂಜಿ ಹಿಡಿದ ಕೈ ಹಾಗೇ ನಿಲ್ಲಿಸಿ ರೂಮೆಲ್ಲ ಒಮ್ಮೆ ನೋಡಿದಳು. ಅಳು ಬಂದರೂ ಸಿಟ್ಟು ತೋರಿಸುವುದು ನನ್ನ ಅಭ್ಯಾಸ. ಬೆಡ್‌ಶೀಟು ಕಿತ್ತೆಸೆದು, ಮಂಚವನ್ನು ಎಳೆದು ತಂದು ರೂಮಿನ ನಟ್ಟನಡುವೆ ಬಿಚ್ಚಿದೆ. ಹೋಗಿ ಚಿಲಕ ಹಾಕಿದೆ. ‘ಮಲಕ್ಕೋ’ ಎಂದೆ.

‘ಹಗಲು ಹೊತ್ತಲ್ಲೇನೇ? ನಿಂಗೇನು ತಲೆ ಕೆಟ್ಟಿದ್ಯಾ?’

‘ಹೂಂ, ಕೆಟ್ಟಿದೆ. ಮಲಕ್ಕೋ. ಕಾಲು ಚಾಚಿ ಮಲಕ್ಕೋ.’

ನಕ್ಕಳು, ನಾಚಿಕೊಂಡಳು, ಕೊನೆಗೆ ಮಲಗಿದಳು. ಕಾಲು ಚಾಚಿದಳು. ಅವಳು ಅಷ್ಟು ಎತ್ತರದ ಹೆಂಗಸು ಎಂದು ನನಗೆ ಗೊತ್ತೇ ಇರಲಿಲ್ಲ. ಬಿಸಿಲು ಪಾದದ ಮೇಲೆ ಬಿದ್ದಿತ್ತು. ಸ್ವಲ್ಪ ಹೊತ್ತಿಗೆ ಅವಳಿಗೆ ಕಣ್ಣು ಹತ್ತಿತು.

ನನಗೆ ಬಾಯಾರಿತ್ತು. ನೀರಿನ ಕೊಡ ಆಚೆ ಮೂಲೆಯಲ್ಲಿತ್ತು. ಎದ್ದು, ಮಂಚದಿಂದ ಒಂದು ಮಾರು ದೂರದಲ್ಲೇ, ಸದ್ದಾಗದ ಹಾಗೆ ಹೆಜ್ಜೆ ಇಡುತ್ತ ಹೊರಟೆ.

ಅತ್ತೆ ನಿದ್ದೆಯಲ್ಲೇ ಕಾಲು ಮಡಚಿಕೊಂಡಳು.