ಎಡ ಭುಜದ ಹುಕ್ಕು

ನಂಜನಗೂಡಿನಲ್ಲಿ ನಾನು ರವಿಕೆ ಹೊಲಿಯಲು ಕುಳಿತು ನಲವತ್ತು ವರ್ಷದ ಮೇಲಾಯಿತು. ಇಷ್ಟು ವರ್ಷದಲ್ಲಿ ಎರಡು ಭುಜವೂ ಒಂದೇ ಸಮ ಇರುವ ಹೆಂಗಸನ್ನು ನಾನು ನೋಡಿಲ್ಲ. ಒಬ್ಬಳಿಗೆ ಬಿಂದಿಗೆ ಹೊತ್ತು ಒಂದು ಪಕ್ಕ ಇಳಿದಿರುತ್ತದೆ, ಇನ್ನೊಬ್ಬಳಿಗೆ ಮಕ್ಕಳನ್ನು ಎತ್ತಿ ಎತ್ತಿ ಇನ್ನೊಂದು ಪಕ್ಕ. ಎದೆಯ ಅಳತೆಯೂ ಹಾಗೆಯೇ. ಇದನ್ನು ನಾನು ಯಾರಿಗೂ ಬಾಯಿಬಿಟ್ಟು ಹೇಳುವುದಿಲ್ಲ. ಅಳತೆ ಪುಸ್ತಕದಲ್ಲಿ ಅಂಕಿಯ ಪಕ್ಕ ಒಂದು ಓರೆ ಗೆರೆ ಎಳೆದುಕೊಳ್ಳುತ್ತೇನೆ. ಎಡಕ್ಕೆ ಬಾಗಿದ್ದರೆ ಎಡ ಭುಜ, ಬಲಕ್ಕೆ ಬಾಗಿದ್ದರೆ ಬಲ. ಓದಿದ್ದು ಮೂರನೇ ಕ್ಲಾಸು, ಗೆರೆಯಲ್ಲೇ ಕೆಲಸ ನಡೆಯುತ್ತದೆ. ಬಟ್ಟೆ ಕತ್ತರಿಸುವಾಗ ಆ ಗೆರೆ ನೋಡಿ ಒಂದು ಕಡೆ ಕಾಲು ಇಂಚು ಹೆಚ್ಚುಕಮ್ಮಿ ಮಾಡುತ್ತೇನೆ. ತೊಟ್ಟವಳು ಕನ್ನಡಿ ನೋಡಿ, ನೆಟ್ಟಗಿದ್ದೇನೆ ಅಂದುಕೊಂಡು ಹೋಗುತ್ತಾಳೆ. ಸೊಟ್ಟ ಮುಚ್ಚುವುದೇ ನನ್ನ ಕಸುಬು.

ನನಗಿರುವುದು ಒಬ್ಬಳೇ ಮಗಳು. ಅವಳಿಗೆ ಆರು ವರ್ಷವಿದ್ದಾಗ ಒಂದು ಬೆಳಿಗ್ಗೆ ಎದ್ದವಳ ಎಡ ಮುಖ ಜೋತುಬಿದ್ದಿತ್ತು. ಡಾಕ್ಟರು ವಾಸಿಯಾಗುತ್ತದೆ ಅಂದರು. ಮುಕ್ಕಾಲು ವಾಸಿಯಾಯಿತು, ಕಾಲು ಭಾಗ ಉಳಿಯಿತು. ಸುಮ್ಮನಿದ್ದರೆ ಅಷ್ಟು ತಿಳಿಯುವುದಿಲ್ಲ, ಎಡಗಣ್ಣು ಸ್ವಲ್ಪ ಇಳಿದಿದೆ ಅನ್ನಬಹುದು. ನಕ್ಕರೆ ಮಾತ್ರ ಬಾಯಿ ಪೂರ್ತಿ ಬಲಕ್ಕೆ ಓಡುತ್ತದೆ, ಎಡಗೆನ್ನೆ ಹಾಗೇ ನಿಂತಿರುತ್ತದೆ.

ಅವಳು ದೊಡ್ಡವಳಾದಾಗ, ಹದಿಮೂರನೇ ವರ್ಷಕ್ಕೆ, ಆರತಿ ಮಾಡಲು ಊರ ಹೆಂಗಸರೆಲ್ಲ ಬರುವವರಿದ್ದರು. ಅವತ್ತಿನ ರವಿಕೆಗೆ ಎಡ ಭುಜದಲ್ಲಿ, ಕತ್ತಿನ ಹತ್ತಿರ, ಒಂದು ಸಣ್ಣ ಹುಕ್ಕು ಹಾಕಿದೆ. ತಲೆಯ ಮೇಲೆ ಹೊದ್ದ ಸೆರಗಿನ ಅಂಚನ್ನು ಅದಕ್ಕೆ ಸಿಕ್ಕಿಸಿದರೆ ಎಡಗೆನ್ನೆ ಅರ್ಧ ಮುಚ್ಚಿ ನಿಲ್ಲುತ್ತದೆ, ಕೈಯಲ್ಲಿ ಹಿಡಿದುಕೊಳ್ಳುವುದು ಬೇಡ. ಅಲ್ಲಿಂದ ಈಚೆಗೆ ಅವಳ ಎಲ್ಲ ರವಿಕೆಗೂ ಆ ಹುಕ್ಕು ಹಾಕಿದ್ದೇನೆ. ಅವಳ ಮದುವೆಯ ರವಿಕೆಗೂ ಹಾಕಿದ್ದೇನೆ. ಸೋಮನಾಥಪುರದ ಪಕ್ಕದ ಹಳ್ಳಿಗೆ ಕೊಟ್ಟೆವು. ಎರಡು ಹಸು ಕಟ್ಟಿಕೊಂಡು, ಡೈರಿಗೆ ಹಾಲು ಹಾಕಿಕೊಂಡು ಚೆನ್ನಾಗಿದ್ದಾಳೆ.

ಈಗ ಅವಳ ಮಗಳ ಮದುವೆ ಬಂತು. ಟಿ. ನರಸೀಪುರದ ಛತ್ರದಲ್ಲಿ. ಮೊಮ್ಮಗಳು ಫೋನು ಮಾಡಿ ಅತ್ತಳು. "ಅಜ್ಜಿ, ಮನೇಲಿ ಒಂದು ಫೋಟೋದಲ್ಲೂ ಅಮ್ಮನ ಮುಖ ಪೂರ್ತಿ ಇಲ್ಲ. ನನ್ ಮದ್ವೇಲಾದ್ರೂ ಇರ್ಲಿ ಅಂತ ನೀನಾದ್ರೂ ಹೇಳು. ಊಟದ ಮನೆ ನೋಡ್ಕೋತೀನಿ, ಫೋಟೋಗೆ ಬರಲ್ಲ ಅಂತಾಳೆ." ಹೇಳುತ್ತೇನೆ ಅಂದೆ. ಹೇಳುವ ಮನಸ್ಸು ನನಗೂ ಇರಲಿಲ್ಲ.

ಅದೇ ವಾರ ನಮ್ಮ ಬೀದಿಯ ಕೊನೆಯಲ್ಲಿ ಬಾಡಿಗೆಗಿರುವ ಕಾಲೇಜು ಮೇಡಂ ಬಂದರು. ಟವಲಿನಲ್ಲಿ ಏನನ್ನೋ ಮಗುವಿನ ಹಾಗೆ ಸುತ್ತಿ ಎತ್ತಿಕೊಂಡಿದ್ದರು.

"ಅಮ್ಮ, ನಗಬಾರದು," ಅಂದರು.

"ನಗೋದು ಬುಡೋದು ನೋಡಿದ್ಮ್ಯಾಕೆ. ಬಿಚ್ಚಿ."

ಗೊಂಬೆ. ಒಂದು ಮೊಳಕ್ಕಿಂತ ಸ್ವಲ್ಪ ಉದ್ದ, ಮೈಮೇಲೆ ಬಟ್ಟೆಯಿಲ್ಲ. ಕೂದಲು ಬೇರೆ ಡಬ್ಬಿಯಲ್ಲಿತ್ತು, ಟೋಪಿಯ ಹಾಗೆ ಹಾಕುವುದಂತೆ. ಮೊಣಕೈ, ಮಂಡಿ, ಮಣಿಕಟ್ಟು ಎಲ್ಲದರಲ್ಲೂ ಗೋಲಿಯಂಥ ಗುಂಡು, ಒಳಗೆ ರಬ್ಬರಿನ ಹುರಿ. ಕೂರಿಸಿದರೆ ಕೂರುತ್ತದೆ. ಕೆನ್ನೆಗೆ ಕೈ ಕೊಟ್ಟರೆ ಹಾಗೇ ಯೋಚನೆ ಮಾಡುತ್ತಾ ಇರುತ್ತದೆ. ಅದಕ್ಕೆ ಒಂದು ಸೀರೆ, ಒಂದು ರವಿಕೆ ಬೇಕಿತ್ತು.

"ಇಂಥವು ಎಷ್ಟವೆ ನಿಮ್ತಾವ?"

"ಒಂಬತ್ತು."

"ಮದ್ವೆ ಆಗ್ದಿದ್ರೆ ಇಂಗೇ ನೋಡಿ."

"ಆಗಿದ್ರೂ ತರ್ತಿದ್ದೆ ಅಮ್ಮ, ಅವರಿಗೆ ಗೊತ್ತಾಗದ ಹಾಗೆ," ಅಂತ ನಕ್ಕರು.

ಅಳತೆ ತೆಗೆಯಲು ಮುಖ ಬೆಳಕಿಗೆ ತಿರುಗಿಸಿದೆ. ಎಡಗಣ್ಣು ಒಂದು ಅಕ್ಕಿಕಾಳಿನಷ್ಟು ಇಳಿದಿತ್ತು. ತುಟಿಯ ಎಡ ಕೊನೆಯೂ ಹಾಗೇ.

"ಮೂತಿ ಸೊಟ್ಟ ಐತಲ್ಲ ಮೇಡಂ. ಹಿಂದಕ್ಕೆ ಕೊಟ್ಬುಡಿ," ಅಂದೆ.

ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. ಮೈಸೂರಿನಿಂದ ಒಬ್ಬ ಹುಡುಗಿ, ಅವಳೂ ಇಂಥ ಗೊಂಬೆ ಕೊಂಡು ಕೂಡಿಡುವವಳು. ಮುಖ ಕಾಣುವ ಫೋನು, ಮಾತೆಲ್ಲ ನನಗೂ ಕೇಳುತ್ತಿತ್ತು. ನಾನಂದದ್ದನ್ನು ಮೇಡಂ ನಗುತ್ತಾ ಅವಳಿಗೆ ಹೇಳಿದರು.

"ನೋಡಿ ಮೇಡಂ, ಅಜ್ಜಿನೂ ಅದನ್ನೇ ಹೇಳ್ತಿದಾರೆ! ಫೋಟೋ ತೆಗೆದು ಎಡ ಬಲ ತಿರುಗಿಸಿ ನೋಡಿ, ಬೇರೆ ಯಾರೋ ಥರ ಕಾಣ್ತಾಳೆ. ನಂಗೆ ಭಯ ಆಗತ್ತಪ್ಪ. ನನ್ ಹತ್ರ ಇರೋದೆಲ್ಲ ದಾರ ಹಿಡಿದು ಅಳೆದು ಇಟ್ಕೊಂಡಿರೋದು. ತಂದ್ಕೊಡಿ, ಉಪ್ಪುಕಾಗದದಲ್ಲಿ ಕಣ್ಣಿನ ಗೂಡು ಉಜ್ಜಿ ಸರಿ ಮಾಡ್ಕೊಡ್ತೀನಿ."

"ಅವಳ ಮುಖಕ್ಕೆ ಕೈ ಹಾಕಿದ್ರೆ ನಿನ್ನ ನಂಬರ್ ಬ್ಲಾಕ್ ಮಾಡ್ತೀನಿ," ಅಂದರು ಮೇಡಂ.

ಫೋನು ಇಟ್ಟ ಮೇಲೆ ಹೇಳಿದರು. ಈ ಗೊಂಬೆ ಕೂಡಿಡುವವರಲ್ಲಿ ಎರಡು ಪಂಗಡವಂತೆ. ಕೂದಲೆಳೆ ಆಚೀಚೆ ಆದರೂ ತಡೆಯದವರು ಕೆಲವರು, ಸೊಟ್ಟವನ್ನೇ ಹುಡುಕಿ ತರುವವರು ಕೆಲವರು. ಮಾಡುವವನು ಮೊದಲು ಮಣ್ಣಿನಲ್ಲಿ ಕೈಯಿಂದ ಮುಖ ತಿದ್ದುತ್ತಾನೆ, ಆಮೇಲೆ ಅಚ್ಚು. ಆ ಕೈಯ ಓರೆ ಅಚ್ಚಿನಲ್ಲೂ ಉಳಿಯುತ್ತದೆ. "ಯಾರೋ ಒಬ್ಬರು ಕೂತು ಮಾಡಿದ್ದು ಅಂತ ಗೊತ್ತಾಗೋದೇ ಅಲ್ಲಿ," ಅಂದರು. ನನಗೆ ಮೈಸೂರಿನ ಹುಡುಗಿಯ ಮಾತೇ ಸರಿ ಕಂಡಿತು. ಸುಮ್ಮನೆ ಟೇಪು ಸುತ್ತಿದೆ. ಗೊಂಬೆಯನ್ನು ನನ್ನ ಹತ್ತಿರವೇ ಬಿಟ್ಟು ಹೋದರು.

ಮಾರನೇ ದಿನ ಮಗಳು ಬಂದಳು, ಮದುವೆಯ ರವಿಕೆ ಬಟ್ಟೆ ಕೊಡಲು. ಚೀಲ ಇಳಿಸುವ ಮೊದಲೇ ಮಿಷನ್ನಿನ ಮೇಲೆ ಕುಳಿತಿದ್ದ ಗೊಂಬೆ ಕಣ್ಣಿಗೆ ಬಿತ್ತು.

"ಅವ್ವೋ, ಇದ್ಯಾರು ನನ್ನಂಗೇ ಅವ್ಳೆ?" ಅಂತ ನಕ್ಕಳು. ಬಾಯಿ ಬಲಕ್ಕೆ ಓಡಿತು.

"ತಿರಿಕ್ಕೊ, ಅಳತೆ ತಗೋಬೇಕು," ಅಂದೆ.

"ಹಳೇ ಅಳತೆನೇ ಆಯ್ತದೆ. ಹುಕ್ಕು ಮಾತ್ರ ಬಿಗಿಯಾಗಿ ಆಕವ್ವ. ಧಾರೆ ವೊತ್ಗೆ ಎಲ್ಡು ಕೈಯಲ್ಲೂ ಗಿಂಡಿ ಇರ್ತದೆ, ಸೆರಗು ಜಾರುದ್ರೆ ಎಳ್ಕಳಕ್ಕಾಗಲ್ಲ. ಆ ವಿಡಿಯೋದೋನು ಮೂತಿ ಮುಂದ್ಕೇ ಬತ್ತಾನೆ."

ಧಾರೆಯ ಹೊತ್ತಿಗೆ ವಧೂವರರ ಕೈಯ ಮೇಲೆ ಹಾಲು ನೀರು ಬಿಡಬೇಕಾದವಳು ಹೆಣ್ಣಿನ ತಾಯಿ. ಅಷ್ಟು ಹೊತ್ತು ಅವಳು ಎಲ್ಲರ ಕಣ್ಣೆದುರು ನಿಲ್ಲಲೇಬೇಕು. ಊಟದ ಮನೆಗೆ ಓಡುವುದು ಆಮೇಲಿನ ಮಾತು.

ಎರಡು ರವಿಕೆಯನ್ನೂ ಒಂದೇ ವಾರ ಹೊಲಿಯಲು ಹಿಡಿದೆ. ಗೊಂಬೆಯದು ಮೊದಲು ಮುಗಿಯಿತು. ಅಷ್ಟು ಸಣ್ಣ ಕಂಕುಳು ಮಿಷನ್ನಿನ ಸೂಜಿಯಡಿ ಕೂರುವುದಿಲ್ಲ, ಪೂರ್ತಿ ಕೈಹೊಲಿಗೆ. ಹೊಲಿಯುತ್ತಾ ಹೊಲಿಯುತ್ತಾ ನನ್ನ ಕೈ ತಾನಾಗಿ ಎಡ ಭುಜಕ್ಕೆ ಒಂದು ಹುಕ್ಕು ಹಾಕಿತು, ಇರುವುದರಲ್ಲೇ ಚಿಕ್ಕದು. ಸೀರೆ ಉಡಿಸಿ, ತಲೆಗೆ ಸೆರಗು ಹೊದಿಸಿ ಸಿಕ್ಕಿಸಿದೆ. ಇಳಿದ ಕಣ್ಣು ಮರೆಯಾಯಿತು. ನನ್ನ ಕೆಲಸ ನನಗೇ ಹಿಡಿಸಿತು.

ಮೇಡಂ ಬಂದು ನೆರಿಗೆ ನೋಡಿದರು, ಅಂಚು ನೋಡಿದರು, ಸಂತೋಷಪಟ್ಟರು. ಆಮೇಲೆ ಮುಖ ನೋಡಿದರು.

"ಇದೇನಮ್ಮ?"

"ಕಣ್ಣು ಕಾಣ್ದಂಗೆ ಮಾಡಿವ್ನಿ. ಆ ಮೈಸೂರೋಳ್ಗೂ ತೋರ್ಸಿ, ಈಗ ಏನೂ ಗೊತ್ತಾಗಕಿಲ್ಲ."

ಅವರು ಬಯ್ಯಲಿಲ್ಲ. ಉಗುರಿನಲ್ಲಿ ಹುಕ್ಕು ಬಿಡಿಸಿ ಸೆರಗನ್ನು ಹಿಂದಕ್ಕೆ ಸರಿಸಿದರು.

"ನಾನೂ ಇದನ್ನೇ ಮಾಡಿದ್ದೆ. ಬಂದ ದಿನ ಇವಳ ಮುಖ ನೋಡಿ ಅಳು ಬಂತು. ಒಂದು ತಿಂಗಳು ಪೆಟ್ಟಿಗೆಯಿಂದ ತೆಗೀಲಿಲ್ಲ. ಒಂದಿನ ಬೀರು ಒರೆಸೋಕೆ ಅಂತ ತೆಗೆದು ಕಿಟಕಿ ಹತ್ರ ಕೂರಿಸಿದ್ದೆ. ಆ ಕಡೆಯಿಂದ ಬಂದ್ರೆ ಮುನಿಸ್ಕೊಂಡಿದ್ಲು, ಈ ಕಡೆಯಿಂದ ಬಂದ್ರೆ ನಗು ತಡ್ಕೊಂಡಿದ್ಲು. ಉಳಿದ ಎಂಟೂ ಎಲ್ಲಿಂದ ನೋಡಿದ್ರೂ ಒಂದೇ ಥರ. ಅವಳಿಗೋಸ್ಕರ ಮುಚ್ಚಿಟ್ಟಿದ್ದೀನಿ ಅಂದ್ಕೊಂಡಿದ್ದೆ ಅಮ್ಮ. ಅವಳಿಗೇನು, ನೋಡೋಕಾಗದೆ ಇದ್ದಿದ್ದು ನಂಗೆ."

"ಅದು ಗೊಂಬೆ ಮೇಡಂ," ಅಂದೆ, ಸ್ವಲ್ಪ ಜೋರಾಗಿಯೇ. "ಅದುಕ್ಕೇನು ಆರತಿ ಎತ್ತಾರಾ, ಎಣ್ಣು ನೋಡಕ್ ಬತ್ತಾರಾ?"

ಯಾಕೆ ರೇಗಿದೆ ಅಂತ ಅವರಿಗೆ ತಿಳಿಯಲಿಲ್ಲ. ಆಮೇಲೆ ಮಗಳ ವಿಷಯ ಹೇಳಿದೆ, ಹುಕ್ಕಿನ ವಿಷಯ, ಫೋಟೋದ ವಿಷಯ. ಅವರು ಬುದ್ಧಿ ಹೇಳಲಿಲ್ಲ. ಒಂದೇ ಒಂದು ಕೇಳಿದರು.

"ಮೊದಲನೇ ಸಲ ಹಾಕುವಾಗ ಅವರನ್ನ ಕೇಳಿದ್ರಾ?"

"ಅದ್ಮೂರ್ ವರ್ಸದ್ ಕೂಸ್ನ ಏನ್ ಕೇಳಾದು."

ಅವರು ಹೋದ ಮೇಲೆ ಮಗಳ ರವಿಕೆ ಎತ್ತಿಕೊಂಡೆ. ಎಲ್ಲ ಮುಗಿದು ಆ ಹುಕ್ಕೊಂದೇ ಬಾಕಿ. ದಾರ ಪೋಣಿಸಿ ಕುಳಿತಾಗ ಮೊದಲ ಹುಕ್ಕು ನೆನಪಾಯಿತು. ಆರತಿಯ ದಿನ ಅವಳು ಹಸಿರು ಬಳೆ ಆಡಿಸುತ್ತಾ ಮನೆಯೆಲ್ಲ ಓಡಾಡುತ್ತಿದ್ದಳು. ಕರೆದು ನಿಲ್ಲಿಸಿ ಸೆರಗು ಸಿಕ್ಕಿಸಿದೆ. "ಇದ್ಯಾಕವ್ವ?" ಅಂದಳು. "ಸೆರಗು ನಿಲ್ಲಕ್ಕೆ," ಅಂದೆ. ಮತ್ತೆ ಯಾವತ್ತೂ ಕೇಳಲಿಲ್ಲ. ಅವತ್ತು ಆಮೇಲೆ ಓಡಾಡಲೂ ಇಲ್ಲ, ಚಾಪೆಯ ಮೇಲೆ ಕುಳಿತೇ ಇದ್ದಳು. ಹೆಂಗಸರು ಎಷ್ಟು ಗಂಭೀರದ ಹುಡುಗಿ ಅಂದರು. ನಾನು ಹಿಗ್ಗಿದೆ.

ಸೂಜಿಯನ್ನು ಮತ್ತೆ ಸೂಜಿದಿಂಬಿಗೆ ಚುಚ್ಚಿ ಎದ್ದೆ.

ಮದುವೆಗೆ ಮೂರು ದಿನವಿದ್ದಾಗ ಅವಳು ಬಂದು ರವಿಕೆ ತೊಟ್ಟು ನೋಡಿದಳು. ಕನ್ನಡಿ ನೋಡುವ ಮೊದಲೇ ಬೆರಳು ಎಡ ಭುಜಕ್ಕೆ ಹೋಯಿತು.

"ಹುಕ್ಕೆಲ್ಲವ್ವ?"

"ಆಕಿಲ್ಲ."

"ಮರ್ತೋಯ್ತಾ?"

"ಮರೆಯಕ್ಕೆ ನಂಗೇನ್ ಅರಳು ಮರಳಾ? ಆಕಿಲ್ಲ, ಅಷ್ಟೆ."

"ಇಂತಾ ವೊತ್ನಲ್ಲಿ ಆಟ ಆಡ್ಬ್ಯಾಡ ಕಣವ್ವ. ಕೂತ್ಕೊಂಡು ಆಕು."

ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. "ಆ ಹುಕ್ಕು ನಿಂಗಲ್ಲ ಕಣೆ. ಜನ ನಿನ್ ಮಕ ನೋಡುದ್ರೆ ನಂಗ್ ತಡ್ಯಕ್ಕಾಗ್ತಿರ್ಲಿಲ್ಲ. ಅದುಕ್ಕೆ ಆಕ್ದೆ."

ಅವಳು ರವಿಕೆ ಬಿಚ್ಚಿ ನಿಧಾನವಾಗಿ ಮಡಿಸಿದಳು.

"ನಂಗೊತ್ತು."

"ಯಾವಾಗ್ಲಿಂದ?"

"ಅವತ್ತಿಂದ್ಲೂವೆ. ಸೆರಗು ಸಿಗಾಕ್ಸುವಾಗ ನೀನು ನನ್ ಮಕ ನೋಡ್ನಿಲ್ಲ, ಹುಕ್ಕೇ ನೋಡ್ತಿದ್ದೆ. ಅವ್ವನ ಕೈಲೇ ನೋಡಕ್ಕಾಗ್ದಿದ್ ಮಕಾನ ಬ್ಯಾರೆಯೋರ್ಗೆ ಯಾಕ್ ತೋರ್ಸಾದು ಅಂತ ನಾನೂ ಸುಮ್ಕಾದೆ."

ಅಂದವಳೇ ನನ್ನ ಡಬ್ಬಿಗೆ ಕೈಹಾಕಿ ಒಂದು ಪಿನ್ನು ತೆಗೆದು ತಾಳಿ ಸರಕ್ಕೆ ಸಿಕ್ಕಿಸಿಕೊಂಡಳು. "ನೀನ್ ಆಕ್ದಿದ್ರೆ ಬುಡು, ನಾನೇ ಆಕ್ಕೊತೀನಿ," ಅಂತ ನರಸೀಪುರದ ಬಸ್ಸು ಹಿಡಿಯಲು ಹೊರಟಳು.

ಮದುವೆಯ ದಿನ ನಾನು ಮುಂದಿನ ಸಾಲಿನಲ್ಲಿ ಕುಳಿತೆ. ಮಗಳು ಸೆರಗಿಗೆ ಪಿನ್ನು ಹಾಕಿ ಕೆನ್ನೆ ಮುಚ್ಚಿಕೊಂಡೇ ಓಡಾಡುತ್ತಿದ್ದಳು. ಧಾರೆಗೆ ಕರೆದರು. ಮೊಮ್ಮಗಳು ಮಂಟಪ ಹತ್ತುವಾಗ ಅವಳ ಕಾಲಿಗೆ ಸೀರೆಯ ನೆರಿಗೆ ಸಿಕ್ಕಿ ಅರ್ಧ ಕಳಚಿತು. "ಪಿನ್ನು, ಪಿನ್ನು" ಅಂತ ಎಲ್ಲರೂ ಕೂಗಿದರು, ಯಾರ ಕೈಗೂ ತಟ್ಟನೆ ಸಿಗಲಿಲ್ಲ. ಮಗಳು ಯೋಚಿಸಲೇ ಇಲ್ಲ. ತನ್ನ ಸೆರಗಿನ ಪಿನ್ನು ಕಿತ್ತು ಮದುಮಗಳ ನೆರಿಗೆ ಹಿಡಿದು ಚುಚ್ಚಿದಳು, ಗಿಂಡಿ ಕೈಗೆತ್ತಿಕೊಂಡಳು. ಹಾಲು ಬಿಡಲು ಬಾಗಿದಾಗ ಸೆರಗು ತಲೆಯಿಂದ ಜಾರಿ ಬೆನ್ನಿಗೆ ಬಿತ್ತು. ಎರಡು ಕೈಯೂ ಗಿಂಡಿಯಲ್ಲಿ. ವಿಡಿಯೋದವನು ಹತ್ತಿರ ಬಂದ.

ಅವಳು ನನ್ನ ಕಡೆ ನೋಡಿದಳು.

ಹಿಂದೆಲ್ಲ ಇಂಥ ಹೊತ್ತಿನಲ್ಲಿ ನಾನು ನೆಲ ನೋಡುತ್ತಿದ್ದೆ, ಚಪ್ಪರ ನೋಡುತ್ತಿದ್ದೆ. ಅವತ್ತು ಅವಳ ಮುಖವನ್ನೇ ನೋಡಿದೆ. ಇಳಿದ ಕಣ್ಣು, ನಿಂತ ಕೆನ್ನೆ, ಎಲ್ಲವನ್ನೂ ಕಣ್ಣು ಮಿಟುಕಿಸದೆ ನೋಡಿದೆ. ಎಷ್ಟು ಹೊತ್ತು ನೋಡಿದೆನೋ, "ಏನವ್ವ, ನುಂಗೋ ಅಂಗೆ ನೋಡ್ತೀಯ?" ಅಂದಳು ಅಲ್ಲಿಂದಲೇ, ಪುರೋಹಿತರ ಮಂತ್ರದ ನಡುವೆ. ಮೊಮ್ಮಗಳು ಕಿಸಕ್ಕೆಂದಳು. ಮಗಳೂ ನಕ್ಕಳು. ಬಾಯಿ ಬಲಕ್ಕೆ ಓಡಿತು.

ಆಗ ತೆಗೆದ ಫೋಟೋ ಈಗ ನನ್ನ ಮಿಷನ್ನಿನ ಎದುರು ಗೋಡೆಯ ಮೇಲಿದೆ. ಮೇಡಂ ನೋಡಿ, "ನಂಗೂ ಒಂದು ಕಾಪಿ ಕೊಡಿ, ನಮ್ಮ ಹುಡುಗಿ ಪಕ್ಕದಲ್ಲಿಡ್ತೀನಿ," ಅಂದರು. ನನ್ನ ಮಗಳು ನಿಮ್ಮ ಬೀರುವಿನ ಗೊಂಬೆಯಲ್ಲ ಅಂತ ಬಯ್ದು, ಕಾಪಿ ಮಾಡಿಸಿ ಕೊಟ್ಟೆ.

ಹೋದ ತಿಂಗಳು ಮಗಳ ಊರಿಗೆ ಹೋಗಿದ್ದಾಗ ಕತ್ತರಿ ತೆಗೆದುಕೊಂಡು ಹೋಗಿದ್ದೆ. "ಹಳೇ ರವ್ಕೆನೆಲ್ಲ ತತ್ತಾ, ಹುಕ್ಕು ಬಿಚ್ಬುಡ್ತೀನಿ," ಅಂದೆ. ಅವಳು ಒಲೆಯ ಮುಂದೆ, ಎರಡು ಕೈಯಲ್ಲೂ ಕೋಲು ಹಿಡಿದು ರಾಗಿ ಮುದ್ದೆ ತಿರುವುತ್ತಿದ್ದಳು. ಸೆರಗು ಭುಜದ ಮೇಲೆ ಹುಕ್ಕಿಗೆ ಸಿಕ್ಕಿ ಭದ್ರವಾಗಿ ನಿಂತಿತ್ತು. ತಲೆಯ ಮೇಲೆ ಏನೂ ಇರಲಿಲ್ಲ, ಕೆನ್ನೆಯ ಮೇಲೂ ಇರಲಿಲ್ಲ.

"ಇರ್ಲಿ ಬುಡವ್ವ," ಅಂದಳು. "ಮುದ್ದೆ ತಿರುವಕ್ಕೆ ಬೇಕಾಯ್ತದೆ. ತಟ್ಟೆ ಇಡು."